ಸಂಚಾರದಲ್ಲಿ ದೊರೆತ ಪ್ರಸಾದ

ಮಠದ ನೆರಳಿನಲ್ಲಿ ಬೆಳೆದವರಿಗೆ ಊಟದ ಬಗೆಗೆ ಲೇಖನ ಬರೆಯುವುದೆಂದರೆ ತುಸು ಸಂಕೋಚದ ಸಂಗತಿ. ಅಂಗದ ಹಸಿವನ್ನು ಕುರಿತು ಏನು ಬರೆಯುವುದಿದೆ, ಲಿಂಗದ ಹಸಿವನ್ನು ಕುರಿತು ಬರೆಯಬಾರದೆ, ಎಂದು ಹಿರಿಯರು ಕೇಳಿಯಾರು. ಆದರೂ ಕಳೆದ ಚಳಿಗಾಲದ ಸಂಚಾರದಲ್ಲಿ ನಾವು ಉಂಡ ಒಂದು ಊಟವು ಅರವತ್ತು ದಾಟಿದ ಈ ವಯಸ್ಸಿನಲ್ಲಿ ನಮಗೆ ಒಂದು ಪಾಠವನ್ನು ಹೇಳಿತು. ಅದನ್ನು ಬಚ್ಚಿಟ್ಟುಕೊಳ್ಳುವುದು ಸರಿಯಲ್ಲವೆಂದು ತೋರಿ, ಶರಣಬಂಧುಗಳ ಮುಂದೆ ಇಡುತ್ತಿದ್ದೇವೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಕಡೆಗಳ ಹಳ್ಳಿಗಳಲ್ಲಿ ಹಳೆಯ ಮನೆತನಗಳವರ ಜಂತಿಯ ಮೇಲೆ, ದೇವರ ಜಗಲಿಯ ಹಿಂದೆ ಉಳಿದುಕೊಂಡಿರುವ ತಾಡವೋಲೆ ಮತ್ತು ಕಾಗದದ ಕಟ್ಟುಗಳನ್ನು ನೋಡಿ ಪಟ್ಟಿ ಮಾಡಿಕೊಂಡು ಬರಬೇಕೆಂದು ಪೂಜ್ಯರೊಬ್ಬರು ನಮಗೆ ಅಪ್ಪಣೆ ಮಾಡಿದ್ದರು. ಹನ್ನೆರಡು ದಿನಗಳ ಕಾರ್ಯ. ಹೆಗಲಿಗೊಂದು ಚೀಲ, ಅದರಲ್ಲಿ ಎರಡು ಜೊತೆ ಬಟ್ಟೆ, ಪೂಜೆಯ ಸಾಮಗ್ರಿ, ಒಂದು ಭೂತಗನ್ನಡಿ, ಬರೆದುಕೊಳ್ಳುವ ವಹಿ. ಇಷ್ಟರೊಂದಿಗೆ ಸರಕಾರಿ ಬಸ್ಸನ್ನೇರಿ ಹೊರಟೆವು.

ಈ ನೆಲದಲ್ಲಿ ಇಂಥ ಕಾಯಕಕ್ಕೆ ದೊಡ್ಡ ಪರಂಪರೆಯೇ ಇದೆ. ವಚನಪಿತಾಮಹರೆನಿಸಿದ ಡಾ. ಫ. ಗು. ಹಳಕಟ್ಟಿಯವರು (1880-1964) ವಕೀಲಿ ವೃತ್ತಿಯನ್ನು ಬದಿಗಿಟ್ಟು ಅಂದಿನ ಬಿಜಾಪುರದಲ್ಲಿ ಕುಳಿತು ಓಲೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಸಿಂದಗಿ ತಾಲೂಕಿನಲ್ಲಿ ಜನಿಸಿದ ಡಾ. ಎಂ. ಎಂ. ಕಲಬುರ್ಗಿಯವರು (1938-2015) ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದ ಪ್ರಧಾನ ಸಂಪಾದಕರಾಗಿ ದುಡಿದರು. ಆ ಸಂಪುಟಗಳು ಹೊರಬಂದದ್ದು 1993ರಲ್ಲಿ. ಅಂಥವರು ನಡೆದ ದಾರಿಯಲ್ಲಿ ನಾಲ್ಕು ಹೆಜ್ಜೆ ಇಡುವ ಯೋಗ ನಮಗೂ ಬಂದಿತಲ್ಲಾ ಎಂಬ ಹಿಗ್ಗು ನಮ್ಮಲ್ಲಿತ್ತು. ಹಿಗ್ಗಿನೊಡನೆ ಹಮ್ಮೂ ತುಸು ಇದ್ದಿತೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಆ ಹಮ್ಮು ಕಟ್ಟುಗಳ ವಿಷಯದ್ದಲ್ಲ, ಊಟದ ವಿಷಯದ್ದು. ನಾವು ಒಂಬತ್ತನೆಯ ವಯಸ್ಸಿಗೆ ಮಠದ ಪ್ರಸಾದನಿಲಯವನ್ನು ಸೇರಿದೆವು. ಮೂರೇ ವರ್ಷಗಳಲ್ಲಿ, 1972ರಲ್ಲಿ, ಭೀಕರ ಬರಗಾಲ ಬಂದಿತು. ಬಾವಿಗಳು ಬತ್ತಿದವು, ಮೇವಿಲ್ಲದೆ ದನಗಳು ಸಂತೆಗೆ ಹೋದವು. ನಮ್ಮ ಗುರುಗಳು ಜೋಳಿಗೆ ಹಿಡಿದು ಊರೂರು ತಿರುಗಿ ಕಾಳು ತಂದರು. ಒಲೆಯನ್ನು ಒಂದು ದಿನವೂ ಆರಗೊಡಲಿಲ್ಲ. ಒಂದು ಹೊತ್ತು ಜೋಳದ ನುಚ್ಚು, ಒಂದು ಹೊತ್ತು ತೆಳ್ಳಗಿನ ಅಂಬಲಿ. ಒಂದು ದಿನ ನಮ್ಮ ಪಂಕ್ತಿಯ ಹುಡುಗನೊಬ್ಬನು ‘ಸಪ್ಪಗೈತಿ’ ಎಂದು ಮುಖ ಕಿವುಚಿದನು. ಗುರುಗಳು ಬೈಯಲಿಲ್ಲ. “ತಮ್ಮಾ, ಇದನ್ನ ಕೊಟ್ಟ ಮನಿಯವರು ಇವತ್ತ ಏನ ಉಂಡಾರೋ ಏನೋ. ಪ್ರಸಾದಕ್ಕ ಹೆಸರಿಡಬಾರದು” ಎಂದರು. ಅಂದಿನಿಂದ ಮಠದಲ್ಲಿ ಯಾರೂ ಊಟದ ರುಚಿಯ ಮಾತೆತ್ತಲಿಲ್ಲ. ನಾವೂ ಎತ್ತಲಿಲ್ಲ. ಮುಂದೆ ಬರ ಹೋಯಿತು, ಮಠವನ್ನು ಬಿಟ್ಟು ಗೃಹಸ್ಥರಾದೆವು, ಪಾಠ ಹೇಳಿದೆವು, ಪ್ರವಚನ ಮಾಡಿದೆವು. ಆದರೆ ಆ ನಿಯಮ ಮಾತ್ರ ನಮ್ಮೊಡನೆ ಉಳಿಯಿತು. ಎಲ್ಲಿಗೆ ಹೋದರೂ ತಟ್ಟೆಯ ಪಕ್ಕದಲ್ಲಿ ಒಂದು ಪುಸ್ತಕ ತೆರೆದುಕೊಂಡೇ ಉಣ್ಣುವುದು, ಎರಡನೆಯ ಸಲ ನೀಡಲು ಬಂದರೆ ಕೈ ಅಡ್ಡ ಹಿಡಿಯುವುದು, ಏನು ಉಂಡಿರೆಂದು ಯಾರಾದರೂ ಕೇಳಿದರೆ ನೆನಪಿಲ್ಲವೆನ್ನುವುದು, ಇವನ್ನೆಲ್ಲ ನಾವು ವೈರಾಗ್ಯದ ಲಕ್ಷಣವೆಂದೇ ಭಾವಿಸಿದ್ದೆವು.

ಇಂಡಿಯಲ್ಲಿ ಮೊದಲ ಮೂರು ದಿನ ಕಳೆದವು. ಲಿಂಬೆಯ ತೋಟಗಳಿಗೆ ಹೆಸರಾದ ಸೀಮೆ ಅದು. ಆ ಲಿಂಬೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹಲಸಂಗಿಗೂ ಹೋಗಿ ಬಂದೆವು. ಮಧುರಚೆನ್ನರ ಹಲಸಂಗಿ. ಅಲ್ಲಿಯ ಗೆಳೆಯರು ಬೀಸುವಕಲ್ಲಿನ ಮುಂದೆ ಕುಳಿತ ತಾಯಂದಿರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಹೊತ್ತಗೆಯಾದುದನ್ನು ಓದುಗರು ಬಲ್ಲರು. ಆ ಊರಿನ ಹಾದಿಯಲ್ಲಿ ನಡೆಯುವಾಗ ನಮಗೆ ಹಾಡುಗಳು ನೆನಪಾದವೇ ಹೊರತು, ಹಾಡುತ್ತ ಬೀಸಿದ ಆ ಹಿಟ್ಟು ಮುಂದೆ ಏನಾಯಿತೆಂಬ ಯೋಚನೆ ಬರಲಿಲ್ಲ. ಆ ಯೋಚನೆ ಬಂದದ್ದು ನಾಲ್ಕಾರು ದಿನಗಳ ಮೇಲೆ.

ಸಿಂದಗಿಯಲ್ಲಿ ಒಂದು ಖಾನಾವಳಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೆವು. ಉತ್ತರ ಕರ್ನಾಟಕದ ಊರುಗಳಲ್ಲಿ ಸಂಚರಿಸಿದವರಿಗೆ ಖಾನಾವಳಿಯ ಬೆಲೆ ಗೊತ್ತು. ಮುಂದಿನ ಕೋಣೆಯಲ್ಲಿ ಬಾಕು, ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಗೋಡೆಯ ಮೇಲೆ ಬಸವಣ್ಣನವರ ಪಟ. ಕೋರ್ಟು ಕೆಲಸಕ್ಕೆ ಬಂದ ರೈತ, ವರ್ಗವಾಗಿ ಬಂದ ಮಾಸ್ತರ, ಸಂತೆಗೆ ಬಂದ ವ್ಯಾಪಾರಿ ಎಲ್ಲರೂ ಅಲ್ಲಿ ಒಂದೇ ಪಂಕ್ತಿ. ಎಷ್ಟೋ ಖಾನಾವಳಿಗಳನ್ನು ಗಂಡನನ್ನು ಕಳೆದುಕೊಂಡ ತಾಯಂದಿರು ತಮ್ಮ ರಟ್ಟೆಯ ಬಲದಿಂದಲೇ ನಡೆಸಿ ಮಕ್ಕಳನ್ನು ಓದಿಸಿದ್ದಾರೆ. ನಾವು ಎಂದಿನಂತೆ ವಹಿ ತೆರೆದು ಇಂಡಿಯ ಕಟ್ಟುಗಳ ವಿವರಗಳನ್ನು ತಿದ್ದುತ್ತ ಉಣ್ಣುತ್ತಿದ್ದೆವು. ಬಿಸಿ ರೊಟ್ಟಿ ತಂದ ಒಡತಿ ನಿಂತು ನೋಡಿದರು. “ಅಪ್ಪಾರ, ಪುಸ್ತಕ ಎಲ್ಲಿ ಓಡಿ ಹೋಗತೈತ್ರಿ? ರೊಟ್ಟಿ ಆರತೈತಿ ನೋಡ್ರಿ” ಎಂದರು. ಪಕ್ಕದವರು ನಕ್ಕರು. ನಾವೂ ನಕ್ಕು ವಹಿ ಮುಚ್ಚಿದೆವು. ಆದರೆ ಆ ಮಾತು ಕಾಲಿಗೆ ನೆಟ್ಟ ಸಣ್ಣ ಮುಳ್ಳಿನಂತೆ ಒಳಗೇ ಉಳಿಯಿತು.

ಎಂಟನೆಯ ದಿನ, ಮೊದಲು ಮುದ್ದೇಬಿಹಾಳ ತಾಲೂಕಿಗೇ ಸೇರಿದ್ದ ತಾಳಿಕೋಟೆಯ ಕಡೆಯ ಒಂದು ಹಳ್ಳಿಗೆ ಹೋದೆವು. ಡೋಣಿ ನದಿಯ ಸೀಮೆ. ಡೋಣಿಯ ನೀರು ಸವುಳು, ಕುಡಿಯಲು ಬಾರದು; ಆದರೆ ಅದರ ದಂಡೆಯ ಎರೆಭೂಮಿಯಷ್ಟು ಜೋಳ ಕೊಡುವ ನೆಲ ಮತ್ತೊಂದಿಲ್ಲವೆಂದು ಹಿಂದಿನಿಂದ ಜನ ಹಾಡಿ ಹೊಗಳುತ್ತ ಬಂದಿದ್ದಾರೆ. ಮಳೆಗಾಲದ ಕೊನೆಗೆ ಬಿತ್ತಿದ ಹಿಂಗಾರಿ ಜೋಳ, ಆಳದ ಕರಿಮಣ್ಣು ಹಿಡಿದಿಟ್ಟುಕೊಂಡ ತೇವವನ್ನೇ ಕುಡಿದು, ಮೇಲಿನ ಮಳೆಯ ಹಂಗಿಲ್ಲದೆ ಚಳಿಯಲ್ಲಿ ತೆನೆ ಕಟ್ಟುತ್ತದೆ. ನಾವು ಹೋದಾಗ ತೆನೆಗಳು ಹಾಲು ತುಂಬಿ ನಿಂತಿದ್ದವು.

ಆ ಮನೆಯ ಯಜಮಾನರು ಐವತ್ತರ ಆಸುಪಾಸಿನವರು, ಸಾತ್ವಿಕರು. ಜಗಲಿಯಿಂದ ಕೆಂಪು ಬಟ್ಟೆಯ ಕಟ್ಟೊಂದನ್ನು ಇಳಿಸಿ, ನಮಸ್ಕರಿಸಿ ಮುಂದಿಟ್ಟರು. “ನಮ್ಮ ಮುತ್ಯಾನ ಕಾಲದಿಂದ ಪೂಜಾ ಮಾಡಕೋತ ಬಂದೇವ್ರಿ. ವಚನದ ಕಟ್ಟ ಅಂತಾರ್ರಿ” ಎಂದರು. ಬಿಚ್ಚುವಾಗ ನಮ್ಮ ಕೈ ನಡುಗಿದ್ದು ನಿಜ. ಆದರೆ ಒಳಗಿದ್ದುದು ಮೋಡಿ ಲಿಪಿಯ ಕಾಗದಗಳು. ಹೊಲದ ಲೆಕ್ಕ, ಕೊಟ್ಟು ತೆಗೆದುಕೊಂಡ ಹಣದ ಬಾಬತ್ತು. ಮುಂಬಯಿ ಆಡಳಿತಕ್ಕೆ ಸೇರಿದ್ದ ಈ ಭಾಗದಲ್ಲಿ ಇಂಥ ಕಾಗದಗಳು ಅಪರೂಪವಲ್ಲ. ಅವಕ್ಕೂ ಬೆಲೆಯುಂಟು, ಆದರೆ ನಾವು ಅರಸಿ ಬಂದುದು ಅದಲ್ಲ. ಯಜಮಾನರಿಗೆ ನೋವಾಗದಂತೆ ಸಂಗತಿಯನ್ನು ಹೇಳಿದೆವು. ಅವರ ಮುಖ ಬಾಡಿತು. ಮೂರು ತಲೆಮಾರು ಹೂವೇರಿಸಿದ ಕಟ್ಟಿನ ಬಗೆಗೆ ಹೊರಗಿನವನೊಬ್ಬ ಬಂದು ಹೀಗೆ ಹೇಳುವುದು ಸುಲಭದ ಮಾತಲ್ಲ. ಹೊತ್ತು ನೆತ್ತಿಗೇರಿತ್ತು. ಮುಂದಿನ ಬಸ್ಸಿಗೆ ಹೊರಡುತ್ತೇವೆಂದೆವು. ಆಗ ಒಳಗಿನಿಂದ ಅವರ ತಾಯಿಯವರ ಧ್ವನಿ ಕೇಳಿತು: “ಕಟ್ಟಿನ್ಯಾಗ ಏನರೆ ಇರಲಿ, ಶಾಸ್ತ್ರಿಗಳು ಉಂಡು ಹೋಗಬೇಕ್ರಿ.”

ಎಂಬತ್ತು ದಾಟಿದ ಆ ತಾಯಿ ಒಲೆಯ ಮುಂದೆ ಕುಳಿತು ತಾವೇ ರೊಟ್ಟಿ ಬಡಿಯುತ್ತಿದ್ದರು. ಪಡಸಾಲೆಯಲ್ಲಿ ಕುಳಿತ ನಮಗೆ ಒಳಗಿನದೆಲ್ಲ ಕಾಣುತ್ತಿತ್ತು. ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನ ಅಂಟಿಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ, ಬಡಿಯುವಾಗ ಅಂಚು ಹರಿಯುತ್ತದೆ. ಆ ತಾಯಿಯ ಅಂಗೈಯ ಕೆಳಗೆ ಹಿಟ್ಟಿನ ಉಂಡೆ ತಿರುಗುತ್ತ ತಿರುಗುತ್ತ ಚಂದ್ರನಂತೆ ಅಗಲವಾಯಿತು. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಮುಂದೆ ಆನಿಸಿದಾಗ ಅದು ಉಬ್ಬಿ ನಿಂತಿತು. ನಾಲ್ಕು ದಶಕ ರೊಟ್ಟಿ ಉಂಡ ನಾವು ಅದರ ಹುಟ್ಟನ್ನು ಹೀಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

ಪೂಜೆ ಮುಗಿಸಿ ಕುಳಿತೆವು. ತಟ್ಟೆಯಲ್ಲಿ ಬಿಸಿ ರೊಟ್ಟಿ, ಗುರೆಳ್ಳು ಶೇಂಗಾ ಅರೆದು ತುಂಬಿದ ಬದನೆಯ ಎಣ್ಣೆಗಾಯಿ, ಜೋಳದ ನುಚ್ಚು ಹಾಕಿ ಕುದಿಸಿ ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟ ಪುಂಡಿಪಲ್ಯ, ಶೇಂಗಾ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು, ಬದಿಗೆ ಎಳೆಯ ಮೆಂತ್ಯ, ಹಕ್ಕರಕಿ, ಒಡೆದ ಉಳ್ಳಾಗಡ್ಡಿ. ಸಿಂದಗಿಯ ಒಡತಿಯ ಮಾತು ನೆನಪಾಗಿ ಚೀಲವನ್ನು ದೂರ ಸರಿಸಿದೆವು. ಮೊದಲ ತುತ್ತು ಪುಂಡಿಪಲ್ಯದ್ದು. ಆ ಹುಳಿ, ಆ ಬಳ್ಳೊಳ್ಳಿಯ ಘಮ, ನಡುವೆ ಹಲ್ಲಿಗೆ ಸಿಗುವ ನುಚ್ಚು! ಇದು ನಮಗೆ ಪರಿಚಿತವಾದ ಕೈ ಎನ್ನಿಸಿತು. ಮರುಕ್ಷಣವೇ ಹೊಳೆಯಿತು. ನಮ್ಮ ಧರ್ಮಪತ್ನಿಯ ತವರು ಇದೇ ಡೋಣಿ ಸೀಮೆಯದು. ಅವರೂ ಪುಂಡಿಪಲ್ಯವನ್ನು ಹೀಗೆಯೇ ಮಾಡುತ್ತಿದ್ದರು.

ಆಗ ಆ ತಾಯಿ ಬಾಗಿಲಿಗೆ ಬಂದು ಕೇಳಿದರು: “ಪಲ್ಯೆ ಹ್ಯಾಂಗಾಗೇತ್ರಿ ಯಪ್ಪಾ?”

ನಮ್ಮ ನಾಲಿಗೆಯ ತುದಿಗೆ ಉತ್ತರ ಸಿದ್ಧವಾಗಿ ಬಂದು ನಿಂತಿತು: ‘ಪ್ರಸಾದಕ್ಕೆ ರುಚಿ ಕೇಳಬಾರದು.’ ಅದನ್ನು ನಾವು ಯಾರಿಗೆ ಮೊದಲು ಹೇಳಿದ್ದೆವು? 1984ರಲ್ಲಿ, ಮದುವೆಯಾಗಿ ಬಂದ ಹೊಸತರಲ್ಲಿ, ನಮ್ಮ ಮನೆಯವರು ದಿನಾಲು ಊಟದ ಹೊತ್ತಿಗೆ ಬಾಗಿಲ ಬಳಿ ನಿಂತು ಇದನ್ನೇ ಕೇಳುತ್ತಿದ್ದರು. ನಾವು ಪುಸ್ತಕದಿಂದ ತಲೆ ಎತ್ತದೆ ಇದೇ ಉತ್ತರವನ್ನು ಕೊಡುತ್ತಿದ್ದೆವು. ಕೆಲವು ತಿಂಗಳು ಕೇಳಿದರು, ಆಮೇಲೆ ಬಿಟ್ಟರು. ಅವರಿಗೆ ತತ್ತ್ವ ತಿಳಿಯಿತೆಂದು ನಾವು ಸಮಾಧಾನಪಟ್ಟೆವು. ಅವರು ಲಿಂಗೈಕ್ಯರಾದದ್ದು 2022ರಲ್ಲಿ. ಮೂವತ್ತೆಂಟು ವರ್ಷ ಅವರು ಬಡಿದ ರೊಟ್ಟಿಯನ್ನು ಉಂಡೆವು. ಒಮ್ಮೆಯೂ ಒಂದು ಮಾತು ಹೇಳಲಿಲ್ಲ.

ನಾವು ಸುಮ್ಮನಿದ್ದುದನ್ನು ಕಂಡು ಆ ತಾಯಿ ಮತ್ತೆ ಹೇಳಿದರು: “ಬ್ಯಾರೆ ಏನಲ್ರಿ. ವಯಸ್ಸಾತು, ನನ್ನ ನಾಲಿಗಿಗಿ ಉಪ್ಪು ಗೊತ್ತಾಗೂದುಲ್ರಿ. ಮಗನ ಕೇಳಿದರ ಚಲೋ ಆಗೇತಿ ಅಂತಾನ, ಸೊಸಿ ಕೇಳಿದರ ಚಲೋ ಆಗೇತಿ ಅಂತಾಳ. ಖರೆ ಹೇಳಾವರು ಯಾರೂ ಇಲ್ರಿ.”

ಆಗ ನಾವು ಇನ್ನೊಂದು ತುತ್ತನ್ನು ಬಾಯಿಗಿಟ್ಟು, ಬಹುಶಃ ಬದುಕಿನಲ್ಲಿ ಮೊದಲ ಸಲ, ರುಚಿಯನ್ನು ಲಕ್ಷ್ಯವಿಟ್ಟು ನೋಡಿದೆವು. “ಅವ್ವಾ, ಉಪ್ಪು ಒಂದು ಚಿಟಿಕಿ ಕಡಿಮಿ ಐತಿ. ಉಳಿದದ್ದೆಲ್ಲಾ ಹದಾ ಐತಿ. ಎಣ್ಣೆಗಾಯಿಗೆ ಹೆಸರಿಡಾಂಗಿಲ್ಲ. ಇನ್ನೊಂದು ರೊಟ್ಟಿ ಹಾಕ್ರಿ” ಎಂದೆವು. ಆ ಮುಖದಲ್ಲಿ ಮೂಡಿದ ಸಂತೋಷವನ್ನು ಏನೆಂದು ಬಣ್ಣಿಸುವುದು! “ನೋಡಪ್ಪಾ, ನಾ ಹೇಳಿದ್ನಿಲ್ಲೊ, ಉಪ್ಪು ಕಮ್ಮಿ ಬಿದ್ದೈತಿ ಅಂತ?” ಎಂದು ಮಗನಿಗೆ ಹೇಳಿ, ಒಳಗೆ ಹೋಗಿ ಉಪ್ಪು ತಂದು ತಾವೇ ತಟ್ಟೆಯ ಬದಿಗೆ ಹಾಕಿದರು. ಕಟ್ಟಿನ ಸಂಗತಿಯಿಂದ ಬಾಡಿದ್ದ ಯಜಮಾನರ ಮುಖವೂ ಅರಳಿತು. ನಾವು ಮೂರು ರೊಟ್ಟಿ ಉಂಡೆವು. ಮೂರನೆಯದರ ತುತ್ತು ಮಾತ್ರ ಗಂಟಲಲ್ಲಿ ಇಳಿಯಲು ತಡಮಾಡಿತು. ಖಾರ ನೆತ್ತಿಗೇರಿತೆಂದು ತಿಳಿದು ಅವರು ಮಜ್ಜಿಗೆ ಕೊಟ್ಟರು; ನಾವು ಹೌದೆಂದೆವು. ಕೊನೆಗೆ ಎಂದಿನಂತೆ ತಟ್ಟೆಯನ್ನು ತೊಳೆದು ಆ ನೀರನ್ನು ಕುಡಿದು ಎದ್ದೆವು.

ಬಸ್ಸಿನಲ್ಲಿ ಕುಳಿತು ಬಸವನ ಬಾಗೇವಾಡಿಯ ಕಡೆಗೆ ಬರುವಾಗ, ನಾವೇ ಎಷ್ಟೋ ಶ್ರಾವಣಗಳಲ್ಲಿ ಪ್ರವಚನ ಮಾಡಿದ ವಿಷಯವೊಂದು ಹೊಸದಾಗಿ ಕಣ್ಣಮುಂದೆ ಬಂದಿತು. ಶರಣರು ಅರ್ಪಿತವನ್ನು ಮೂರು ಬಗೆಯಾಗಿ ಹೇಳಿದರು. ಪದಾರ್ಥದ ರೂಪು ಇಷ್ಟಲಿಂಗಕ್ಕೆ, ರುಚಿ ಪ್ರಾಣಲಿಂಗಕ್ಕೆ, ತೃಪ್ತಿ ಭಾವಲಿಂಗಕ್ಕೆ. ಕಣ್ಣು ಕಂಡುದು, ನಾಲಿಗೆ ಅರಿತುದು, ಮನ ತಣಿದುದು ಮೂರೂ ಸಲ್ಲಬೇಕು. ಆಗಲೇ ಪದಾರ್ಥ ಪ್ರಸಾದವಾಗುವುದು. ಇದನ್ನು ನಾವು ವೇದಿಕೆಯ ಮೇಲೆ ನಿಂತು ಗಂಟೆಗಟ್ಟಲೆ ವಿವರಿಸಿದ್ದೇವೆ, ಕೇಳಿದವರು ಮೆಚ್ಚಿದ್ದಾರೆ. ಆದರೆ ರೂಪನ್ನು ನೋಡದೆ, ಪುಸ್ತಕವನ್ನು ನೋಡಿಕೊಂಡು ಉಂಡವನು ಇಷ್ಟಲಿಂಗಕ್ಕೆ ಏನನ್ನು ಕೊಟ್ಟನು? ರುಚಿಯನ್ನು ಅರಿಯಲೊಲ್ಲದವನು ಪ್ರಾಣಲಿಂಗಕ್ಕೆ ಏನನ್ನು ಅರ್ಪಿಸಿದನು? ಬರಿಗೈಯನ್ನು ಚಾಚಿ ಅರ್ಪಿಸಿದೆನೆಂದರೆ ಅದು ಅರ್ಪಿತವಾದೀತೆ?

ಗುರುಗಳ ಮಾತು ತಪ್ಪಾಗಿರಲಿಲ್ಲ. ಅದನ್ನು ತಿಳಿದುಕೊಂಡ ನಮ್ಮ ಬಗೆ ತಪ್ಪಾಗಿತ್ತು. ಬರಗಾಲದ ಹಸಿದ ಮಕ್ಕಳಿಗೆ ಅವರು ಹೇಳಿದ್ದು, ಹೆಸರಿಡಬಾರದೆಂದು. ನೀಡಿದ ಕೈಯನ್ನು ನೋಯಿಸಬಾರದೆಂದು. ಒಳ್ಳೆಯದನ್ನು ಒಳ್ಳೆಯದೆನ್ನಬಾರದೆಂದು ಅವರು ಹೇಳಲಿಲ್ಲ. ನೀಡುವವರ ಮನಸ್ಸನ್ನು ಕಾಯಲು ಹುಟ್ಟಿದ ನಿಯಮವನ್ನೇ ನಾವು ನೀಡುವವರ ಮನಸ್ಸು ನೋಯುವಂತೆ ಬಳಸಿದೆವು. ಇದಕ್ಕಿಂತ ದೊಡ್ಡ ವಿಪರೀತವುಂಟೆ?

ಹಾಗೆಂದು ನಾಲಿಗೆಯ ಚಪಲಕ್ಕೆ ಧರ್ಮದ ಹೆಸರು ಕೊಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ತಾಯಿ ಅದನ್ನು ಒಪ್ಪದೆ ಮರಳಿ ಸುರಿದು ಬರಲು ಕಳಿಸಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಇಂದು ಮದುವೆಮನೆಗಳಲ್ಲಿ ಹತ್ತಾರು ಬಗೆ ಬಡಿಸಿಕೊಂಡು ಅರ್ಧ ಚೆಲ್ಲಿ ಏಳುವವರನ್ನು ನೋಡಿದರೆ ಎದೆ ಉರಿಯುತ್ತದೆ. ಅವರೂ ರುಚಿಯನ್ನು ಅರಿತವರಲ್ಲ. ಅರಿತವನು ಚೆಲ್ಲಲಾರನು. ಬಡಿಸಿದ್ದನ್ನು ಚೆಲ್ಲುವವನೂ, ಬಡಿಸಿದ್ದನ್ನು ಕಣ್ಣೆತ್ತಿ ನೋಡದವನೂ ಒಂದೇ ಸಾಲಿನವರೆಂದು ಈಗ ನಮಗೆ ತೋರುತ್ತದೆ.

ಬಾಗೇವಾಡಿಯಲ್ಲಿ ಕೊನೆಯ ಎರಡು ದಿನ ಉಳಿದೆವು. ಬಸವೇಶ್ವರರ ಗುಡಿಯಲ್ಲಿ ಕುಳಿತು ಪಟ್ಟಿಯನ್ನು ಪೂರ್ಣಗೊಳಿಸಿದೆವು. ಯಾವ ಊರು, ಯಾವ ಮನೆತನ, ಎಷ್ಟು ಗರಿ, ಯಾವ ಲಿಪಿ, ಯಾವ ಸ್ಥಿತಿ, ಎಲ್ಲಕ್ಕೂ ಒಂದೊಂದು ಅಂಕಣವಿತ್ತು. ಡೋಣಿ ದಂಡೆಯ ಆ ಮನೆಯ ಮುಂದೆ ‘ಮೋಡಿ ಕಾಗದಗಳು, ವಚನ ಇಲ್ಲ’ ಎಂದು ಬರೆದು ಪೆನ್ನು ನಿಲ್ಲಿಸಿದೆವು. ಹಳಕಟ್ಟಿಯವರ ಕಾಲದಿಂದ ಈವರೆಗೆ ಕಟ್ಟುಗಳನ್ನು ಅರಸಿ ಹಳ್ಳಿಗಳಿಗೆ ಹೋದವರಿಗೆಲ್ಲ ಯಾವುದೋ ಒಲೆಯ ಮುಂದೆ ಯಾರೋ ಒಬ್ಬ ತಾಯಿ ರೊಟ್ಟಿ ಬಡಿದು ಹಾಕಿಯೇ ಇದ್ದಾಳು. ಕಟ್ಟು ಕೊಟ್ಟವರ ಹೆಸರಿಗೆ ಪಟ್ಟಿಯಲ್ಲಿ ಸ್ಥಳವಿದೆ. ರೊಟ್ಟಿ ಕೊಟ್ಟವರಿಗೆ ಅಂಕಣವಿಲ್ಲ. ಹಲಸಂಗಿಯಲ್ಲಿ ಬಾರದ ಯೋಚನೆ ಅಲ್ಲಿ ಬಂದಿತು. ನಾವು ಷರಾದ ಅಂಕಣದಲ್ಲಿ, ಪೂಜ್ಯರು ನಕ್ಕರೂ ನಗಲಿ ಎಂದುಕೊಂಡು, ‘ಇಲ್ಲಿ ಪ್ರಸಾದವಾಯಿತು’ ಎಂದು ಬರೆದೆವು. ಪಟ್ಟಿಯನ್ನು ಒಪ್ಪಿಸಿದಾಗ ಪೂಜ್ಯರು ಆ ಸಾಲನ್ನು ಓದಿ ನಗಲಿಲ್ಲ, ತಿದ್ದಲೂ ಇಲ್ಲ.

ಮನೆಗೆ ಬಂದ ರಾತ್ರಿ ಸೊಸೆ ಊಟಕ್ಕೆ ಬಡಿಸಿದಳು. ಅವಳು ಎಂದೂ ‘ಹೇಗಾಗಿದೆ’ ಎಂದು ಕೇಳಿದವಳಲ್ಲ. ಮಾವನವರಿಗೆ ಹಾಗೆ ಕೇಳಿದರೆ ಸೇರುವುದಿಲ್ಲವೆಂದು ಅತ್ತೆಯೇ ಅವಳಿಗೆ ಹೇಳಿಕೊಟ್ಟಿದ್ದರಂತೆ. ಇದನ್ನು ಆಮೇಲೆ ತಿಳಿದೆವು. ನಾವು ಮೊದಲ ತುತ್ತು ಉಂಡು, “ತಂಗೀ, ಬೇಳೆ ಪಲ್ಯ ಬಹಳ ರುಚಿಯಾಗಿದೆಯಮ್ಮಾ” ಎಂದೆವು. ಅಡುಗೆಮನೆಯ ಕಡೆಗೆ ಹೊರಟಿದ್ದ ಅವಳು ಅಲ್ಲಿಯೇ ನಿಂತಳು. ಮಗನೂ ತಲೆ ಎತ್ತಿ ನೋಡಿದನು. ಯಾರೂ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಇನ್ನೊಂದು ಸೌಟು ತಂದು ಬಡಿಸಿದಳು. ನಾವು ಕೈ ಅಡ್ಡ ಹಿಡಿಯಲಿಲ್ಲ. ಗೋಡೆಯ ಮೇಲಿನ ಭಾವಚಿತ್ರಕ್ಕೆ ಅಂದು ಏರಿಸಿದ ಹೂವು ಇನ್ನೂ ಬಾಡಿರಲಿಲ್ಲ. ಆ ಕಡೆಗೆ ನೋಡಿದೆವು. ಹೇಳಬೇಕಾದ ಮಾತು ತಡವಾಗಿ, ಬೇರೆ ಬಾಗಿಲಿಗೆ ಹೋಗಿ ಮುಟ್ಟಿತ್ತು.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯಲ್ಲಾಗಲಿ, ಸಂಚಾರದಲ್ಲಾಗಲಿ, ಖಾನಾವಳಿಯಲ್ಲಾಗಲಿ, ತಟ್ಟೆ ಮುಂದೆ ಬಂದಾಗ ಕೈಯಲ್ಲಿರುವುದನ್ನು, ಅದು ಧರ್ಮಗ್ರಂಥವೇ ಇರಲಿ, ಮೊಬೈಲೇ ಇರಲಿ, ಬದಿಗಿಡಿರಿ. ನೀಡಿದ ಕೈಯನ್ನು ಒಮ್ಮೆ ನೋಡಿರಿ. ಉಪ್ಪು ಹದವಾಗಿದ್ದರೆ ಹದವಾಗಿದೆಯೆನ್ನಿರಿ. ಕೇಳುವವರು ಬಾಗಿಲಲ್ಲಿ ನಿಂತಿರುವಾಗಲೇ ಆ ಮಾತನ್ನು ಹೇಳಿಬಿಡಿರಿ.